ನಾನ್‌ಬೈನರಿ ಗುರುತಿನ ಮಾತುಕತೆಯ ಮೂಲಕ ಇಂಗ್ಲಿಷ್ ಕಲಿಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಹವಾಮಾನ, ಪ್ರಯಾಣ, ಹವ್ಯಾಸಗಳಿರುವಾಗ ಇಂಗ್ಲಿಷ್ ಅಭ್ಯಾಸಕ್ಕೆ ಇದೇ ವಿಷಯ ಯಾಕೆ?

ಹವ್ಯಾಸ ಏನು ಅಂತ ಕೇಳಿದರೆ ಎಲ್ಲರ ಉತ್ತರವೂ ಬಾಯಿಪಾಠ. ಭಾಷೆ ಅಲ್ಲಿಗೇ ನಿಲ್ಲುತ್ತದೆ. "ನನ್ನನ್ನು ಹೇಗೆ ಕರೆಯಬೇಕು", "ನನ್ನನ್ನು ನಾನೇ ಒಪ್ಪಿಕೊಳ್ಳಲು ಯಾಕಿಷ್ಟು ಕಾಲ ಹಿಡಿಯಿತು" ಎಂಬ ಮಾತಿಗೆ ಕೂತರೆ ಪ್ರತಿ ವಾಕ್ಯದಲ್ಲೂ ಯೋಚಿಸಬೇಕಾಗುತ್ತದೆ. ಸರ್ವನಾಮ ಯಾವುದು, ಈ ಕ್ರಿಯೆ ಮುಗಿದಿದೆಯೋ ಇನ್ನೂ ನಡೆಯುತ್ತಿದೆಯೋ, ಪ್ರಶ್ನೆಯನ್ನು ಒರಟಾಗದಂತೆ ಕೇಳುವುದು ಹೇಗೆ, ತಪ್ಪಾಡಿದರೆ ಎಷ್ಟು ಕ್ಷಮೆ ಕೇಳಬೇಕು. ಮಧ್ಯಮ ಹಂತದ ಇಂಗ್ಲಿಷ್‌ನಲ್ಲಿ ಜನ ಎಡವುವ ಜಾಗಗಳೆಲ್ಲ ಇಲ್ಲಿ ಒಟ್ಟಿಗೆ ಸಿಗುತ್ತವೆ.

ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು. ಸ್ವತಃ ನಾನ್‌ಬೈನರಿ ಆಗಿರುವ ಕಲಿಯುವವರಿಗೆ ತಮ್ಮ ಬಗ್ಗೆ ಹೇಳಿಕೊಳ್ಳಲು ವಾಕ್ಯಗಳು ಬೇಕು. ಅಂಥ ಸ್ನೇಹಿತರೋ ಸಹೋದ್ಯೋಗಿಗಳೋ ಇರುವವರಿಗೆ ಅವರನ್ನು ನೋಯಿಸದೆ ಮಾತಾಡಲು ವಾಕ್ಯಗಳು ಬೇಕು. ಇಬ್ಬರಿಗೂ ಒಂದೇ ಮಾತು: ತಪ್ಪುಗಳೆಲ್ಲ ಅಭ್ಯಾಸದ ಹೊತ್ತಿನಲ್ಲೇ ಆಗಿ ಮುಗಿಯಲಿ. ಎದುರಿಗಿರುವ ಮನುಷ್ಯರ ಬದುಕು ನಮ್ಮ ವ್ಯಾಕರಣದ ಪಾಠಪುಸ್ತಕವಲ್ಲ.

ನಾನ್‌ಬೈನರಿ ಎಂದರೆ ಸರಿಯಾಗಿ ಏನು?

ತನ್ನ ಲಿಂಗತ್ವ ಪೂರ್ತಿಯಾಗಿ ಗಂಡು ಎಂದೂ ಅಲ್ಲ, ಪೂರ್ತಿಯಾಗಿ ಹೆಣ್ಣು ಎಂದೂ ಅಲ್ಲ ಎಂದು ಬಲ್ಲ ವ್ಯಕ್ತಿ. ಇದು ಹಲವು ಗುರುತುಗಳನ್ನು ಒಳಗೊಂಡ ಪದ. ತನಗೆ ಲಿಂಗತ್ವವೇ ಇಲ್ಲ ಎನ್ನುವ ಏಜೆಂಡರ್, ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ ಎನ್ನುವ ಜೆಂಡರ್‌ಫ್ಲೂಯಿಡ್, ಗಂಡು–ಹೆಣ್ಣು ಎಂಬ ರೂಢಿಯ ಚೌಕಟ್ಟಿಗೆ ಹೊಂದುವುದಿಲ್ಲ ಎನ್ನುವ ಜೆಂಡರ್‌ಕ್ವಿಯರ್, ತನಗೆ ಎರಡು ಲಿಂಗತ್ವಗಳಿವೆ ಎನ್ನುವ ಬೈಜೆಂಡರ್ ಎಲ್ಲವೂ ಇದರೊಳಗೆ ಬರಬಹುದು. ಕೆಲವರು ತಮ್ಮನ್ನು ಟ್ರಾನ್ಸ್ (ಹುಟ್ಟಿದಾಗ ಗುರುತಿಸಿದ ಲಿಂಗಕ್ಕಿಂತ ಬೇರೆ ಲಿಂಗತ್ವದವರು) ಎಂದೂ ಕರೆದುಕೊಳ್ಳುತ್ತಾರೆ, ಕೆಲವರು ಇಲ್ಲ.

ಎರಡು ಗೊಂದಲಗಳನ್ನು ಮೊದಲೇ ಬಿಡಿಸಿಕೊಳ್ಳಿ. ಯಾರತ್ತ ಆಕರ್ಷಣೆ ಎಂಬುದು ಲೈಂಗಿಕ ಒಲವು, ಅದು ಬೇರೆ ವಿಷಯ. ದೇಹದ ಹುಟ್ಟು ಲಕ್ಷಣಗಳಿಗೆ ಸಂಬಂಧಿಸಿದ ಇಂಟರ್‌ಸೆಕ್ಸ್ ಎಂಬುದೂ ಬೇರೆ. ಇದು ಕಾಯಿಲೆಯಲ್ಲ: ಟ್ರಾನ್ಸ್ ಹಾಗೂ ಲಿಂಗತ್ವ ವೈವಿಧ್ಯದ ಗುರುತುಗಳಿಗೆ ಸಂಬಂಧಿಸಿದ ವರ್ಗವನ್ನು ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗ ವರ್ಗೀಕರಣದ 11ನೇ ಆವೃತ್ತಿಯಲ್ಲಿ ಮಾನಸಿಕ ಅಸ್ವಸ್ಥತೆಗಳ ಅಧ್ಯಾಯದಿಂದ ಹೊರತಂದಿತು. ಆ ಆವೃತ್ತಿಗೆ 2019ರಲ್ಲಿ ಒಪ್ಪಿಗೆ ಸಿಕ್ಕಿತು, 2022ರಲ್ಲಿ ಜಾರಿಗೆ ಬಂತು.

ವ್ಯಾಕರಣಕ್ಕೆ ಬಂದರೆ, ಇಂಗ್ಲಿಷ್‌ನಲ್ಲಿ 'ನಾನ್‌ಬೈನರಿ' ಮತ್ತು 'ಟ್ರಾನ್ಸ್‌ಜೆಂಡರ್' ಎರಡೂ ಗುಣವಾಚಕಗಳು. "ಶಿ ಈಸ್ ಅ ಟ್ರಾನ್ಸ್‌ಜೆಂಡರ್" ತಪ್ಪು, "ಅ ಟ್ರಾನ್ಸ್‌ಜೆಂಡರ್ ವುಮನ್" ಸರಿ. "ಅ ನಾನ್‌ಬೈನರಿ" ಅಂತ ನಿಲ್ಲಿಸಬೇಡಿ, ಮುಂದೆ 'ಪರ್ಸನ್' ಸೇರಿಸಿ. 'ಟ್ರಾನ್ಸ್‌ಜೆಂಡರ್ಡ್' ಎಂದು ಕೊನೆಗೆ 'ಡ್' ಹಚ್ಚುವುದನ್ನೂ ಬಿಡಿ. ಏನೋ ಆಗಿಹೋದಂತೆ ಅದು ಕೇಳುತ್ತದೆ.

ಹಲವು ನಾನ್‌ಬೈನರಿ ಜನರು ತಮಗೆ 'ದೇ' (they, ಅವರು) ಬಳಸಿ ಎನ್ನುತ್ತಾರೆ. ಒಬ್ಬರಿಗೇ 'ದೇ' ಎನ್ನುವುದು ವ್ಯಾಕರಣದ ತಪ್ಪಲ್ಲವೇ?

ಅಲ್ಲ. ಏಕವಚನದ 'ದೇ' ಬಳಕೆಗೆ ಸುಮಾರು 1375ರಿಂದಲೇ ಲಿಖಿತ ದಾಖಲೆ ಇದೆ. "ಸಮ್‌ವನ್ ಲೆಫ್ಟ್ ದೇರ್ ಬ್ಯಾಗ್" ಎಂದು ಇಂಗ್ಲಿಷ್ ಮಾತಾಡುವವರು ಯೋಚಿಸದೇ ಹೇಳುತ್ತಾರೆ. ಚೀಲ ಬಿಟ್ಟುಹೋದವರು ಒಬ್ಬರೇ. ಯಾರೆಂದು ಗೊತ್ತಿಲ್ಲದ ಒಬ್ಬರಿಗೆ ಹೀಗೆ ಹೇಳುವುದು ಹಳೆಯ ಬಳಕೆ. ಹೆಸರು ಗೊತ್ತಿರುವ, ಎದುರಿಗೇ ಇರುವ ನಾನ್‌ಬೈನರಿ ವ್ಯಕ್ತಿಗೆ ಹೇಳುವುದು ಅದಕ್ಕಿಂತ ಹೊಸದು. ಮೆರಿಯಮ್-ವೆಬ್‌ಸ್ಟರ್ ನಿಘಂಟು 2019ರಲ್ಲಿ ಈ ಅರ್ಥವನ್ನು ಸೇರಿಸಿ, ಆ ವರ್ಷದ ಪದವಾಗಿಯೂ 'ದೇ'ಯನ್ನೇ ಆರಿಸಿತು. ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್ನಿನ ಬರವಣಿಗೆ ಕೈಪಿಡಿಯ 7ನೇ ಆವೃತ್ತಿ ಕೂಡ 2019ರಿಂದ ಇದನ್ನು ಅನುಮೋದಿಸುತ್ತದೆ.

"ಒಬ್ಬರಿಗೆ 'ಆರ್' ಹೇಗೆ ಬರುತ್ತದೆ?" ಎಂದು ಕೇಳುವವರು 'ಯು' ಪದವನ್ನು ನೆನೆಯಲಿ. ಅದು ಮೂಲತಃ ಬಹುವಚನ. ಒಬ್ಬರಿಗೆ 'ದೌ' ಎನ್ನುವ ಕಾಲವಿತ್ತು. ಈಗ ಒಬ್ಬರೊಡನೆ ಮಾತಾಡುವಾಗಲೂ "ಯು ಆರ್" ಎನ್ನುತ್ತೇವೆ, "ಯು ಈಸ್" ಎನ್ನುವುದಿಲ್ಲ.

ಕನ್ನಡದ 'ಅವರು' ಇಲ್ಲಿ ನೆರವಾಗುತ್ತದೆಯೇ?

ಬಹಳ ನೆರವಾಗುತ್ತದೆ, ಒಂದು ಕಡೆ ಕೈಯನ್ನೂ ಕೊಡುತ್ತದೆ.

ಮೊದಲು ನೆರವು. "ಅವರು ಬಂದರು" ಎನ್ನುವಾಗ ವ್ಯಕ್ತಿ ಒಬ್ಬರೇ, ಕ್ರಿಯಾಪದ ಬಹುವಚನದ್ದು, ಗಂಡೋ ಹೆಣ್ಣೋ ಎಂಬುದು ಬಂದೇ ಇಲ್ಲ. "ದೇ ಆರ್" ಎಂಬುದರ ರಚನೆಯೂ ಇದೇ. ಬೇರೆ ಭಾಷೆಗಳಿಂದ ಬಂದವರಿಗೆ ವಿಚಿತ್ರವಾಗಿ ಕೇಳುವ ಈ ಜೋಡಣೆ ಕನ್ನಡ ಕಿವಿಗೆ ಹೊಸದಲ್ಲ. 'ನಾನು ಬಂದೆ', 'ನೀವು ಬಂದಿರಿ' ಎನ್ನುವಲ್ಲಿ ಎರಡೂ ಭಾಷೆಗಳಲ್ಲಿ ಲಿಂಗ ಕಾಣಿಸುವುದಿಲ್ಲ. ಹಾಗಾಗಿ ಗಮನವೆಲ್ಲ ಪ್ರಥಮ ಪುರುಷದ ಮೇಲಿದ್ದರೆ ಸಾಕು, ಅಂದರೆ ಮೂರನೆಯವರ ಬಗ್ಗೆ ಮಾತಾಡುವಾಗ.

ಈಗ ತೊಡಕು. ಕನ್ನಡದ 'ಅವರು' ಗೌರವಕ್ಕೆ ಬರುತ್ತದೆ, ಇಂಗ್ಲಿಷ್‌ನ 'ದೇ'ಗೆ ಗೌರವದ ಅರ್ಥವೇ ಇಲ್ಲ. ಅಮ್ಮನ ಬಗ್ಗೆಯೋ ಮೇಷ್ಟ್ರ ಬಗ್ಗೆಯೋ ಹೇಳುವಾಗ ಮರ್ಯಾದೆಗೆಂದು 'ದೇ' ಬಳಸಿದರೆ, ಕೇಳುವವರು ಹಲವು ಜನರೆಂದೋ, ಆ ವ್ಯಕ್ತಿ ನಾನ್‌ಬೈನರಿ ಎಂದೋ ತಿಳಿಯುತ್ತಾರೆ. ಗೌರವಾನ್ವಿತ ಮಹಿಳೆಗೂ ಇಂಗ್ಲಿಷ್‌ನಲ್ಲಿ 'ಶಿ' ಸಾಕು. ಹಾಗೆಯೇ ಮಗುವಿಗೆ ಪ್ರೀತಿಯಿಂದ 'ಅದು' ಎನ್ನುವ ರೂಢಿ ನಮ್ಮದು, ಆದರೆ ಮನುಷ್ಯರಿಗೆ 'ಇಟ್' ಎಂದರೆ ಇಂಗ್ಲಿಷ್‌ನಲ್ಲಿ ದೊಡ್ಡ ಅವಮಾನ. ತಮಗೆ 'ಇಟ್' ಬೇಕೆಂದು ಆರಿಸಿಕೊಂಡ ಕೆಲವರಿದ್ದಾರೆ. ಅವರೇ ಹೇಳುವ ತನಕ ಆ ಪದ ಬೇಡ.

ರೂಪಗಳನ್ನು ಹೇಗೆ ರೂಢಿಸಿಕೊಳ್ಳುವುದು?

ಐದೇ ರೂಪಗಳು: ದೇ, ದೆಮ್, ದೇರ್, ದೇರ್ಸ್, ದೆಮ್‌ಸೆಲ್ಫ್. ಕೊನೆಯದಕ್ಕೆ 'ದೆಮ್‌ಸೆಲ್ವ್ಸ್' ಎನ್ನುವವರೂ ಇದ್ದಾರೆ. ಒಬ್ಬರಿಗೆ 'ದೆಮ್‌ಸೆಲ್ಫ್' ಹೆಚ್ಚು ಒಪ್ಪುತ್ತದೆ, ಕಾಗುಣಿತ ತಿದ್ದುವ ತಂತ್ರಾಂಶ ಅದರಡಿ ಕೆಂಪು ಗೆರೆ ಎಳೆದರೂ ಹೆದರಬೇಡಿ.

ತಪ್ಪು ಆಗುವುದು ಹೆಸರಿನಿಂದ ಸರ್ವನಾಮಕ್ಕೆ ದಾಟುವಾಗ. ಹೆಸರಿಗೆ ಏಕವಚನದ ಕ್ರಿಯಾಪದ, 'ದೇ'ಗೆ ಬಹುವಚನದ್ದು: "ಸ್ಯಾಮ್ ಈಸ್ ಲೇಟ್. ದೇ ಆರ್ ಆನ್ ದೇರ್ ವೇ." ಕಲಿಯುವವರು "ಸ್ಯಾಮ್ ಆರ್" ಎಂದೋ "ದೇ ಈಸ್" ಎಂದೋ ಬೆರೆಸುತ್ತಾರೆ. ಅಭ್ಯಾಸ ಸರಳ. ಹತ್ತು ವಾಕ್ಯಗಳ ಜೋಡಿ ಬರೆದುಕೊಳ್ಳಿ, ಮೊದಲನೆಯದು ಹೆಸರಿನಿಂದ, ಎರಡನೆಯದು 'ದೇ'ಯಿಂದ ಶುರುವಾಗಲಿ. ಈಸ್–ಆರ್, ವಾಸ್–ವರ್, ಹ್ಯಾಸ್–ಹ್ಯಾವ್, ಡಸ್–ಡು ನಾಲ್ಕೂ ಬರಲಿ. ದಿನಕ್ಕೆ ಐದು ನಿಮಿಷ ಗಟ್ಟಿಯಾಗಿ ಓದಿ. ಮನಸ್ಸಿನಲ್ಲಿ ಓದಿದರೆ ಈ ಅಭ್ಯಾಸದಿಂದ ಏನೂ ಸಿಗುವುದಿಲ್ಲ, ತಪ್ಪು ಇರುವುದು ನಾಲಿಗೆಯಲ್ಲಿ.

'ದೇ' ಎಂದರೆ ಒಬ್ಬರೋ ಹಲವರೋ ತಿಳಿಯದಿದ್ದರೆ?

ನಿಜವಾದ ತೊಂದರೆ ಇದು, ಇಂಗ್ಲಿಷ್ ಮನೆಮಾತಾಗಿರುವವರಿಗೂ ಇದೆ. ಈ ವಾಕ್ಯ ನೋಡಿ: "ಸ್ಯಾಮ್ ಟೋಲ್ಡ್ ದೇರ್ ಪೇರೆಂಟ್ಸ್, ಆಂಡ್ ದೇ ಕ್ರೈಡ್." ಅತ್ತದ್ದು ಸ್ಯಾಮೋ, ಅಪ್ಪ ಅಮ್ಮನೋ? ಮೂರು ದಾರಿಗಳಿವೆ. ಹೆಸರನ್ನೇ ಮತ್ತೆ ಹೇಳುವುದು: "ಆಂಡ್ ಸ್ಯಾಮ್ ಕ್ರೈಡ್." ಗುಂಪಿಗೆ ಗುರುತು ಹಚ್ಚುವುದು: "ಆಂಡ್ ದೇ ಬೋತ್ ಕ್ರೈಡ್." ಅಥವಾ ವಾಕ್ಯವನ್ನು ಸೇರಿಸಿಬಿಡುವುದು: "ಸ್ಯಾಮ್ ಕ್ರೈಡ್ ಆಫ್ಟರ್ ಟೆಲಿಂಗ್ ದೇರ್ ಪೇರೆಂಟ್ಸ್." ಗೊಂದಲ ತಪ್ಪಿಸಲೆಂದು ಆ ವ್ಯಕ್ತಿಯನ್ನು 'ಹೀ' ಅಥವಾ 'ಶಿ' ಮಾಡುವುದು ಮಾತ್ರ ಪರಿಹಾರವಲ್ಲ. "ಶಿ ಟೋಲ್ಡ್ ಹರ್ ಸಿಸ್ಟರ್ ದಟ್ ಶಿ ವಾಸ್ ರೈಟ್" ಎಂಬಲ್ಲೂ ಎರಡನೆಯ 'ಶಿ' ಯಾರೆಂದು ಗೊತ್ತಾಗುವುದಿಲ್ಲ. ಅದಕ್ಕಾಗಿ ಯಾರೂ 'ಶಿ'ಯನ್ನು ಕೈಬಿಟ್ಟಿಲ್ಲ.

ಸರ್ವನಾಮ ಕೇಳುವುದು ಹೇಗೆ?

ಮೊದಲು ನಿಮ್ಮದನ್ನು ಹೇಳಿ, ಆಮೇಲೆ ಬಾಗಿಲು ತೆರೆದಿಡಿ: "ಐ ಯೂಸ್ ಶಿ ಆಂಡ್ ಹರ್. ಹೌ ಶುಡ್ ಐ ರೆಫರ್ ಟು ಯು?" ನೇರವಾಗಿ ಕೇಳುವುದಾದರೆ "ವಾಟ್ ಪ್ರೋನೌನ್ಸ್ ಡು ಯು ಯೂಸ್?" ಸಾಕು. 'ಪ್ರಿಫರ್ಡ್' ಎಂಬ ಪದ ಸೇರಿಸುವುದನ್ನು ಹಲವರು ಈಗ ಬಿಟ್ಟಿದ್ದಾರೆ, ಬೇಕಾದರೆ ಪಾಲಿಸಿ ಎಂಬ ಧ್ವನಿ ಅದರಲ್ಲಿ ಬರುತ್ತದೆ. ಹತ್ತು ಜನರ ನಡುವೆ ಒಬ್ಬರನ್ನೇ ಬೊಟ್ಟು ಮಾಡಿ ಕೇಳಬೇಡಿ. ಉತ್ತರ ಹೇಳಲು ಇಷ್ಟವಿಲ್ಲದಿದ್ದರೆ ಹೆಸರು ಹಿಡಿದೇ ಮಾತಾಡಬಹುದು.

'ಶಿ/ದೇ' ಎಂದು ಬರೆದಿದ್ದರೆ ನಡುವಿನ ಗೆರೆಯನ್ನು ಓದುವುದಿಲ್ಲ, "ಶಿ ದೇ" ಅಷ್ಟೇ. ಸಾಮಾನ್ಯವಾಗಿ ಎರಡೂ ಆಗಬಹುದು ಎಂದರ್ಥ. ಎಲ್ಲ ನಾನ್‌ಬೈನರಿ ಜನರೂ 'ದೇ' ಬಳಸುವುದಿಲ್ಲ. 'ಹೀ' ಅಥವಾ 'ಶಿ' ಇರಲಿ ಎನ್ನುವವರೂ ಇದ್ದಾರೆ. ಹಳೆಯ ಹೆಸರೇನಿತ್ತು, ದೇಹ ಹೇಗಿದೆ, ಶಸ್ತ್ರಚಿಕಿತ್ಸೆ ಆಗಿದೆಯೇ ಎಂಬ ಪ್ರಶ್ನೆಗಳು ಇಂಗ್ಲಿಷ್ ಅಭ್ಯಾಸದ ಹೆಸರಿನಲ್ಲೂ ಸಲ್ಲ.

ತಪ್ಪು ಸರ್ವನಾಮ ಬಾಯಿಗೆ ಬಂದುಬಿಟ್ಟರೆ?

"ಶಿ ಸೆಡ್... ಸಾರಿ, ದೇ ಸೆಡ್..." ಎಂದು ತಿದ್ದಿ ಮುಂದುವರಿಯಿರಿ. ಎರಡು ಸೆಕೆಂಡಿನ ಕೆಲಸ. "ಐ ಆಮ್ ಸೋ ಸೋ ಸಾರಿ, ಐ ಫೀಲ್ ಟೆರಿಬಲ್" ಎಂದು ಎಳೆದರೆ, ನೊಂದವರೇ ನಿಮ್ಮನ್ನು ಸಮಾಧಾನ ಮಾಡಬೇಕಾಗುತ್ತದೆ. ಬೇರೆಯವರು ನಿಮ್ಮನ್ನು ತಿದ್ದಿದರೆ "ಥ್ಯಾಂಕ್ಸ್" ಎಂದು ಸರಿಯಾದ ರೂಪದಿಂದ ವಾಕ್ಯ ಪೂರ್ತಿ ಮಾಡಿ. ಈ ತಿದ್ದುಪಡಿಯನ್ನೂ ಅಭ್ಯಾಸ ಮಾಡಬೇಕು: ಬೇಕೆಂದೇ ತಪ್ಪು ಹೇಳಿ, ತಕ್ಷಣ ತಿದ್ದಿ, ದನಿ ಬದಲಿಸದೆ ಮುಂದಕ್ಕೆ ಹೋಗಿ.

ಆ ವ್ಯಕ್ತಿಯ ಬಾಲ್ಯದ ಬಗ್ಗೆ ಹೇಳುವಾಗಲೂ ಇಂದಿನ ಸರ್ವನಾಮವೇ ಬರಬೇಕು: "ವೆನ್ ದೇ ವರ್ ಅ ಚೈಲ್ಡ್." ಅವರೇ ಬೇರೆ ರೀತಿ ಬಯಸಿದರೆ ಅದು ಅವರ ಆಯ್ಕೆ.

ತನ್ನನ್ನು ತಾನು ಒಪ್ಪಿಕೊಂಡ ಬಗ್ಗೆ ಮಾತಾಡಲು ಯಾವ ವಾಕ್ಯಗಳು ಬೇಕು?

ಇಡೀ ಅಭ್ಯಾಸದಲ್ಲಿ ಹೆಚ್ಚು ಸಮಯ ಇಲ್ಲಿಗೇ ಮೀಸಲಿಡಿ. ಸರ್ವನಾಮ ಒಂದು ವಾರದಲ್ಲಿ ಹಿಡಿತಕ್ಕೆ ಬಂದೀತು, ಇದು ಬರುವುದಿಲ್ಲ.

ಮೊದಲನೆಯದು, ಹಿಂದೆ ಶುರುವಾಗಿ ಈಗಲೂ ಇರುವ ಸಂಗತಿ. "ಹನ್ನೆರಡನೇ ವಯಸ್ಸಿನಿಂದ ಗೊತ್ತು" ಎಂಬುದು ಕನ್ನಡ ಮನಸ್ಸಿನಲ್ಲಿ "ಐ ಆಮ್ ನೋಯಿಂಗ್ ಫ್ರಮ್ ಟ್ವೆಲ್ವ್" ಆಗಿ ಹೊರಬರುತ್ತದೆ. ಸರಿಯಾದದ್ದು "ಐ ಹ್ಯಾವ್ ನೋನ್ ಸಿನ್ಸ್ ಐ ವಾಸ್ ಟ್ವೆಲ್ವ್." ನೋ, ಫೀಲ್ ಲೈಕ್, ಬಿಲಾಂಗ್, ಐಡೆಂಟಿಫೈ ಮುಂತಾದವು ಸ್ಥಿತಿಯನ್ನು ಹೇಳುವಾಗ ಸಾಮಾನ್ಯವಾಗಿ 'ಇಂಗ್' ಬೇಡುವುದಿಲ್ಲ. "ಐ ಆಮ್ ಐಡೆಂಟಿಫೈಯಿಂಗ್ ಆಸ್" ಎಂದರೆ ಸದ್ಯಕ್ಕೆ ಹಾಗೆ ಮಾಡುತ್ತಿದ್ದೇನೆ ಎಂಬಂತೆ ಕೇಳೀತು. "ಐ ಐಡೆಂಟಿಫೈ ಆಸ್ ನಾನ್‌ಬೈನರಿ" ಅನ್ನಿ, ಅಥವಾ ಇನ್ನೂ ನೇರವಾಗಿ "ಐ ಆಮ್ ನಾನ್‌ಬೈನರಿ."

ಎರಡನೆಯದು 'ಯೂಸ್ಡ್ ಟು'. "ಐ ಯೂಸ್ಡ್ ಟು ಹೈಡ್ ಇಟ್" ಎಂದರೆ ಮುಂಚೆ ಮುಚ್ಚಿಡುತ್ತಿದ್ದೆ, ಈಗಿಲ್ಲ. "ಐ ಆಮ್ ಗೆಟಿಂಗ್ ಯೂಸ್ಡ್ ಟು ಮೈ ನ್ಯೂ ನೇಮ್" ಎಂದರೆ ಹೊಸ ಹೆಸರು ರೂಢಿಯಾಗುತ್ತಿದೆ. ಮೊದಲನೆಯದರ ನಂತರ ಮೂಲ ಕ್ರಿಯಾಪದ, ಎರಡನೆಯದರ ನಂತರ ನಾಮಪದ ಅಥವಾ 'ಇಂಗ್' ರೂಪ. ಇವೆರಡನ್ನು ಬೆರೆಸಿದರೆ ಅರ್ಥವೇ ತಲೆಕೆಳಗಾಗುತ್ತದೆ.

ಮೂರನೆಯದು ಹಳಹಳಿಕೆ. ಕಳೆದುಹೋದ ಕಾಲದ ಬಗ್ಗೆ 'ವಿಶ್' ಬಂದರೆ ಮುಂದೆ 'ಹ್ಯಾಡ್': "ಐ ವಿಶ್ ಸಮ್‌ವನ್ ಹ್ಯಾಡ್ ಟೋಲ್ಡ್ ಮಿ." ಇಂದಿನ ಬಗ್ಗೆ ಆದರೆ "ಐ ವಿಶ್ ಮೈ ಫ್ಯಾಮಿಲಿ ಅಂಡರ್‌ಸ್ಟುಡ್."

ಇನ್ನೂ ನಿರ್ಧಾರಕ್ಕೆ ಬಾರದವರಿಗೆ ಬಲು ಉಪಯೋಗದ ವಾಕ್ಯ "ಐ ಆಮ್ ಸ್ಟಿಲ್ ಫಿಗರಿಂಗ್ ಇಟ್ ಔಟ್." ಇಲ್ಲಿ 'ಇಟ್' ನಡುವೆಯೇ ಬರಬೇಕು, "ಫಿಗರಿಂಗ್ ಔಟ್ ಇಟ್" ಎಂಬ ಕ್ರಮ ಇಂಗ್ಲಿಷ್‌ನಲ್ಲಿಲ್ಲ. ಉತ್ತರ ಸಿಕ್ಕ ಮೇಲೇ ಮಾತಾಡಬೇಕೆಂದೇನೂ ಇಲ್ಲ. ಈ ಒಂದು ವಾಕ್ಯ ಗೊತ್ತಿದ್ದರೆ ಉತ್ತರ ಸಿಗುವ ಮುಂಚೆಯೂ ಮಾತಾಡಬಹುದು.

ಇನ್ನು 'ಅಡ್ಜಸ್ಟ್'. ಎಲ್ಲದಕ್ಕೂ ನಮಗೆ ಈ ಪದ ಒದಗಿಬರುತ್ತದೆ, ಆದರೆ "ಐ ಅಡ್ಜಸ್ಟೆಡ್ ವಿತ್ ಮೈಸೆಲ್ಫ್" ಎಂದರೆ ಏನೂ ಅರ್ಥವಾಗುವುದಿಲ್ಲ. ಕಷ್ಟಪಟ್ಟು ಒಪ್ಪಿಕೊಳ್ಳುವ ಹಾದಿಗೆ "ಐ ಕೇಮ್ ಟು ಟರ್ಮ್ಸ್ ವಿತ್ ಇಟ್", ತಲುಪಿದ ಜಾಗಕ್ಕೆ "ಐ ಅಕ್ಸೆಪ್ಟ್ ಮೈಸೆಲ್ಫ್", ನಿರಾಳತೆಗೆ "ಐ ಆಮ್ ಕಂಫರ್ಟಬಲ್ ವಿತ್ ಹೂ ಐ ಆಮ್." ಮೂರನ್ನೂ ಒಂದೇ ಎಂದುಕೊಳ್ಳಬೇಡಿ.

'ಕಮ್ ಔಟ್' (ತನ್ನ ಗುರುತನ್ನು ತಾನೇ ಹೇಳಿಕೊಳ್ಳುವುದು) ಬಳಸುವುದು ಹೇಗೆ?

ಯಾರಿಗೆ ಹೇಳಿದಿರೋ ಅಲ್ಲಿ 'ಟು', ಏನೆಂದು ಹೇಳಿದಿರೋ ಅಲ್ಲಿ 'ಆಸ್': "ದೇ ಕೇಮ್ ಔಟ್ ಟು ದೇರ್ ಫ್ರೆಂಡ್ಸ್ ಆಸ್ ನಾನ್‌ಬೈನರಿ." 'ಔಟ್' ಒಂದನ್ನೇ ಕ್ರಿಯಾಪದ ಮಾಡಿ "ಸಮ್‌ವನ್ ಔಟೆಡ್ ದೆಮ್" ಎಂದರೆ ಅವರ ಒಪ್ಪಿಗೆಯಿಲ್ಲದೆ ಬೇರೆಯವರು ಬಯಲು ಮಾಡಿದರು ಎಂದರ್ಥ, ಅದು ಹಾನಿ. "ಔಟ್ ಅಟ್ ವರ್ಕ್, ಬಟ್ ನಾಟ್ ಟು ಮೈ ಫ್ಯಾಮಿಲಿ" ಎಂಬುದು ಅನೇಕರ ನಿಜಸ್ಥಿತಿ. ಒಂದು ಕಡೆ ಹೇಳಿದ್ದಾರೆಂದರೆ ಎಲ್ಲ ಕಡೆ ಹೇಳಿದ್ದಾರೆ ಎಂದಲ್ಲ.

ಯಾರಾದರೂ ನನ್ನ ಬಳಿ ಹೇಳಿಕೊಂಡರೆ ಏನನ್ನಬೇಕು?

"ಥ್ಯಾಂಕ್ ಯು ಫಾರ್ ಟೆಲಿಂಗ್ ಮಿ." ಆಮೇಲೆ ಒಂದು ಕೆಲಸದ ಪ್ರಶ್ನೆ: "ಈಸ್ ದೇರ್ ಎನಿವನ್ ಐ ಶುಡಂಟ್ ಮೆನ್ಷನ್ ದಿಸ್ ಟು?" ಇವೆರಡೇ ಸಾಕು.

ಕನ್ನಡದ "ಹೌದಾ?" ಎಂಬುದನ್ನು "ಈಸ್ ಇಟ್?" ಎಂದು ಹೇಳುವ ಅಭ್ಯಾಸ ನಮ್ಮಲ್ಲಿ ಬಲವಾಗಿದೆ. ನಮ್ಮ ಮಟ್ಟಿಗೆ ಅದು ಕೇಳಿಸಿಕೊಳ್ಳುತ್ತಿದ್ದೇನೆ ಎಂಬ ಸೂಚನೆ. ಇಂಗ್ಲಿಷ್ ಕಿವಿಗೆ ಮಾತ್ರ ಅನುಮಾನ. ಜೀವ ಗಟ್ಟಿ ಮಾಡಿಕೊಂಡು ಹೇಳಿದ ಮಾತಿಗೆ ಅನುಮಾನ ಮರುತ್ತರವಾಗಬಾರದು. ಬದಲಿಗೆ "ಐ ಸೀ", "ಐ ಹಿಯರ್ ಯು." "ಆರ್ ಯು ಶೂರ್?", "ಇಟ್ಸ್ ಜಸ್ಟ್ ಅ ಫೇಸ್", "ಬಟ್ ಯು ಡೋಂಟ್ ಲುಕ್ ಇಟ್" ಈ ಮೂರನ್ನೂ ಬಾಯಿಯಿಂದ ದೂರವಿಡಿ.

ಅಕ್ಕ, ತಮ್ಮ ಎನ್ನಬೇಕಾದ ಕಡೆ?

ಇಂಗ್ಲಿಷ್‌ನಲ್ಲಿ ಇದು ಸುಲಭ: ಸಿಬ್ಲಿಂಗ್, ಓಲ್ಡರ್ ಸಿಬ್ಲಿಂಗ್, ಚೈಲ್ಡ್, ಪೇರೆಂಟ್, ಪಾರ್ಟ್‌ನರ್, ಸ್ಪೌಸ್. ಒಡಹುಟ್ಟಿದವರ ಮಕ್ಕಳಿಗೆ 'ನಿಬ್ಲಿಂಗ್' ಎಂಬ ಪದವಿದೆ, ಎಲ್ಲರಿಗೂ ಗೊತ್ತಿಲ್ಲ. ಸಭೆಯಲ್ಲಿ "ಲೇಡೀಸ್ ಆಂಡ್ ಜೆಂಟಲ್‌ಮೆನ್" ಬದಲು "ಎವ್ರಿವನ್." ಹೆಸರಿನ ಮುಂದೆ ಮಿಸ್ಟರ್, ಮಿಸ್ ಬೇಡವೆನ್ನುವವರಿಗೆ Mx ಎಂದು ಬರೆದು 'ಮಿಕ್ಸ್' ಎಂದು ಉಚ್ಚರಿಸುವ ಗೌರವಸೂಚಕವಿದೆ. 1970ರ ದಶಕದಿಂದ ಬಳಕೆಯಲ್ಲಿರುವ ಇದನ್ನು ಆಕ್ಸ್‌ಫರ್ಡ್ ನಿಘಂಟು 2015ರಲ್ಲಿ ಸೇರಿಸಿಕೊಂಡಿತು.

'ಝೀ', 'ಝೆಮ್' ಥರದ ಹೊಸ ಸರ್ವನಾಮಗಳನ್ನೂ ಕಲಿಯಬೇಕೆ?

ಬಳಸುವವರು ಸಿಕ್ಕಾಗ ಅವರನ್ನೇ ಕೇಳಿ ಕಲಿಯಿರಿ. ಇವಕ್ಕೆ ಏಕವಚನದ ಕ್ರಿಯಾಪದ ಬರುತ್ತದೆ, "ಝೀ ಈಸ್." ಇಂಥ ಪ್ರಯತ್ನ ಹೊಸತೇನಲ್ಲ. 19ನೇ ಶತಮಾನದಲ್ಲೇ ಹುಟ್ಟಿದ 'ಥಾನ್' ಎಂಬ ಸರ್ವನಾಮ 1934ರ ವೆಬ್‌ಸ್ಟರ್ ನಿಘಂಟಿನಲ್ಲಿತ್ತು, 1961ರ ಆವೃತ್ತಿಯಲ್ಲಿ ಬಿಟ್ಟುಹೋಯಿತು.

ಉಚ್ಚಾರಣೆಯಲ್ಲಿ ಎಲ್ಲಿ ಜಾಗ್ರತೆ?

'ಐಡೆಂಟಿಟಿ'ಯಲ್ಲಿ ಒತ್ತು 'ಡೆನ್' ಮೇಲೆ, 'ನಾನ್‌ಬೈನರಿ'ಯಲ್ಲಿ 'ಬೈ' ಮೇಲೆ, 'ಪ್ರೋನೌನ್'ನಲ್ಲಿ ಮೊದಲ ಅಕ್ಷರದ ಮೇಲೆ. ಟ್ರಾನ್ಸ್ ಅಲ್ಲದವರಿಗೆ ಹೇಳುವ 'ಸಿಸ್‌ಜೆಂಡರ್' ಪದದ ಮೊದಲ ಭಾಗ 'ಸಿಸ್', 'ಸೈಸ್' ಅಲ್ಲ. 'ದೇ' ಪದದ 'ದ'ವನ್ನು ಕನ್ನಡದ 'ದ'ದಂತೆ ಹೇಳಿದರೂ ಅರ್ಥವಾಗುತ್ತದೆ. ಹೆಚ್ಚು ತೊಡಕು ಕೇಳುವಾಗ. ವೇಗದ ಮಾತಿನಲ್ಲಿ 'ದೆಮ್' ಬರೀ 'ಅಮ್' ಆಗುತ್ತದೆ, 'ಹಿಮ್' ಕೂಡ 'ಇಮ್' ಆಗುತ್ತದೆ. ಸರಿಯಾಗಿ ಕೇಳಿಸದಿದ್ದರೆ ಊಹಿಸದೆ ಮತ್ತೆ ಕೇಳಿ.

ಒಂದು ಅಭ್ಯಾಸದ ಅವಧಿ ಹೇಗಿರಬೇಕು?

ಇಬ್ಬರು, 40 ನಿಮಿಷ. ಮೊದಲ 5 ನಿಮಿಷ ಎಂಟು ಹೊಸ ಪದ ಅಥವಾ ಪದಗುಚ್ಛ. ಅದಕ್ಕಿಂತ ಹೆಚ್ಚಾದರೆ ಮಾತಿನ ನಡುವೆ ನೆನಪಾಗುವುದಿಲ್ಲ. ನಂತರ 15 ನಿಮಿಷ ಮಾತು, ನಡುವೆ ತಿದ್ದುವಂತಿಲ್ಲ, ಸರ್ವನಾಮದ ತಪ್ಪು ಬಿಟ್ಟು. ಕೇಳುವವರು ಉಳಿದ ತಪ್ಪುಗಳನ್ನು ಬರೆದಿಟ್ಟುಕೊಳ್ಳಲಿ. ಆಮೇಲೆ 8 ನಿಮಿಷ, ಅವುಗಳಲ್ಲಿ ಅರ್ಥ ಕೆಡಿಸಿದ ಮೂರನ್ನು ಮಾತ್ರ ತಿದ್ದಿ. ಉಳಿದ ಸಮಯದಲ್ಲಿ ಅದೇ ಸಂಗತಿಯನ್ನು ಒಮ್ಮೆ 4 ನಿಮಿಷದಲ್ಲಿ, ಮತ್ತೆ 3ರಲ್ಲಿ, ಕೊನೆಗೆ 2ರಲ್ಲಿ ಹೇಳಿ. ಸಮಯ ಕುಗ್ಗಿದಂತೆ ತಡವರಿಕೆಯೂ ಕುಗ್ಗುತ್ತದೆ, ವಾಕ್ಯಗಳು ಆಗಲೇ ಬಾಯಿಗೆ ಬಂದಿರುತ್ತವೆ.

ಭಾಷಾ ಮಟ್ಟವನ್ನು ಅಳೆಯುವ ಯುರೋಪಿನ ಮಾನದಂಡದಲ್ಲಿ ಹೇಳುವುದಾದರೆ, ಸರಳ ಪರಿಚಯಕ್ಕೆ ಎ2 (ಪ್ರಾಥಮಿಕ) ಮಟ್ಟದ ಇಂಗ್ಲಿಷ್ ಸಾಕು, ಅನುಭವ ಮತ್ತು ಭಾವನೆಗಳನ್ನು ವಿವರಿಸಲು ಬಿ1 (ಮಧ್ಯಮ) ಬೇಕು. ಅನುವಾದ ತಂತ್ರಾಂಶವನ್ನು ಇಲ್ಲಿ ನೆಚ್ಚಬೇಡಿ. ಕನ್ನಡದ 'ಅವರು' ಅದರ ಕೈಯಲ್ಲಿ ಸುಲಭವಾಗಿ 'ಹೀ' ಆಗಿಬಿಡಬಹುದು.

ನನ್ನ ಬಗ್ಗೆಯೇ ನಿಜ ಹೇಳಬೇಕೆ?

ಖಂಡಿತ ಬೇಕಿಲ್ಲ. ಒಂದು ಪಾತ್ರ ಕಟ್ಟಿಕೊಳ್ಳಿ: ಹೆಸರು ರಾಬಿನ್, ಸರ್ವನಾಮ 'ದೇ', ಒಡಹುಟ್ಟಿದವರಿಗೆ ಗೊತ್ತು, ಕೆಲಸದ ಜಾಗದಲ್ಲಿ ಗೊತ್ತಿಲ್ಲ. ಇಷ್ಟರಲ್ಲೇ ಹತ್ತು ಅವಧಿಗಾಗುವಷ್ಟು ಮಾತಿದೆ. ಗುರುತು ಬಯಲಾದರೆ ಮನೆಯಲ್ಲೋ ಕೆಲಸದಲ್ಲೋ ಅಪಾಯ ಇರುವವರು ಧ್ವನಿಮುದ್ರಣ ಬೇಡವೆಂದು ಮೊದಲೇ ಹೇಳಿ, ವಿಡಿಯೋ ಕರೆಯಲ್ಲಿ ಮಾತನ್ನು ತಾನಾಗಿ ಬರಹವಾಗಿ ಉಳಿಸುವ ಸೌಲಭ್ಯವನ್ನೂ ನಿಲ್ಲಿಸಿಬಿಡಿ. ಟಿಪ್ಪಣಿ ಪುಸ್ತಕದಲ್ಲಿ ನಿಜವಾದ ಹೆಸರುಗಳು ಬೇಡ. ನಾನ್‌ಬೈನರಿ ಸ್ನೇಹಿತರಿದ್ದಾರೆಂದು ಅವರನ್ನೇ ಉಚಿತ ಶಿಕ್ಷಕರನ್ನಾಗಿ ಮಾಡಿಕೊಳ್ಳುವುದೂ ಸರಿಯಲ್ಲ. ಕೇಳಿ, ಒಪ್ಪಿದರೆ ಮಾತ್ರ.

ಮಾತು ಭಾರವಾಗಿ, ಮುಂದುವರಿಸಲು ಆಗದಿದ್ದರೆ?

ನಿಲ್ಲಿಸುವ ವಾಕ್ಯವನ್ನು ಮೊದಲ ದಿನವೇ ಕಲಿಯಿರಿ: "ಕ್ಯಾನ್ ವಿ ಸ್ಟಾಪ್ ಹಿಯರ್?" ಒಂದು ಪ್ರಶ್ನೆ ಮಾತ್ರ ಬೇಡವಾದರೆ "ಐ ವುಡ್ ರಾದರ್ ನಾಟ್ ಟಾಕ್ ಅಬೌಟ್ ದಟ್." 'ರಾದರ್ ನಾಟ್' ನಂತರ 'ಟು' ಬರುವುದಿಲ್ಲ. ಕಾರಣ ಕೊಡಬೇಕಿಲ್ಲ, ಎದುರಿನವರು ಕೇಳುವಂತಿಲ್ಲ.

ಜೊತೆಗಾರರು ಅತ್ತರೆ ಇಂಗ್ಲಿಷ್ ತಿದ್ದುವುದನ್ನು ಅಲ್ಲಿಗೇ ಬಿಟ್ಟು ಕನ್ನಡಕ್ಕೆ ಬನ್ನಿ. ಬದುಕುವುದೇ ಬೇಡ ಎಂಬಂಥ ಮಾತು ಬಂದರೆ ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ನೇರವಾಗಿ ಕೇಳಿ, ಒಬ್ಬಂಟಿ ಬಿಡಬೇಡಿ, ಅವರು ನಂಬುವ ಒಬ್ಬರನ್ನೂ ಮಾನಸಿಕ ಆರೋಗ್ಯ ತಜ್ಞರನ್ನೂ ಅಂದೇ ಸಂಪರ್ಕಿಸಿ. ಮುಂದಿನ ಅವಧಿ ಯಾವಾಗ ಎಂಬುದನ್ನು ಅವರೇ ಹೇಳಲಿ.